50 ಮೈಕ್ರಾನ್ ಚಾನೆಲ್‌ನಲ್ಲಿ ಪ್ರತಿಕಾಯ ಹಿಡಿಯುವುದು

ಪ್ರತಿಕಾಯ ಪತ್ತೆಹಚ್ಚುವ ಎಲೈಸಾ ಪರೀಕ್ಷೆಯ ಪ್ಲೇಟಿನಲ್ಲಿ ಒಂದು ಗುಳಿಯೊಳಗೆ 100 ಮೈಕ್ರೋಲೀಟರ್ ಸೀರಂ ಹಾಕಿದರೆ ಅದು ಸುಮಾರು 3 ಮಿಲಿಮೀಟರ್ ಎತ್ತರ ನಿಲ್ಲುತ್ತದೆ. ಪ್ರತಿಕಾಯವನ್ನು ಹಿಡಿಯುವ ಪ್ರೋಟೀನು ಅಂಟಿರುವುದು ತಳಕ್ಕೆ ಮತ್ತು ಗೋಡೆಗೆ. ಸೀರಂನಲ್ಲಿರುವ ಐಜಿಜಿ ಎಂಬ ಪ್ರತಿಕಾಯ ತಾನಾಗಿ ಅಲ್ಲಿಗೆ ಹೋಗಿ ಮುಟ್ಟಬೇಕು. ಐಜಿಜಿಯ ವಿಸರಣೆ ಸೆಕೆಂಡಿಗೆ ಸುಮಾರು 40 ಚದರ ಮೈಕ್ರಾನ್. ಈ ಲೆಕ್ಕ ಹಿಡಿದರೆ ಅದು ಒಂದು ಗಂಟೆಯಲ್ಲಿ ಸಾಗುವುದು ಬರೀ ಅರ್ಧ ಮಿಲಿಮೀಟರ್. 3 ಮಿಲಿಮೀಟರ್ ಇಳಿಯಲು 31 ಗಂಟೆ ಬೇಕು. ಪ್ಲೇಟನ್ನು ಶೇಕರ್ ಮೇಲೆ ಕುಲುಕಿಸುವುದು, ಗಂಟೆಗಟ್ಟಲೆ ಕಾಯುವುದು ಎಲ್ಲವೂ ಈ ದೂರದ ಜೊತೆಗಿನ ಗುದ್ದಾಟ. ಅದೇ ಸೀರಂ 50 ಮೈಕ್ರಾನ್ ಎತ್ತರದ ಚಾನೆಲ್‌ನಲ್ಲಿದ್ದರೆ ಮೇಲಿನ ಗೋಡೆಯಿಂದ ಕೆಳಗಿನ ಗೋಡೆಗೆ 31 ಸೆಕೆಂಡು ಸಾಕು.

ಇಂಥ ಸಣ್ಣ ಚಾನೆಲ್‌ಗಳಲ್ಲಿ ದ್ರವ ಹರಿಸುವ ಮೈಕ್ರೋಫ್ಲೂಯಿಡಿಕ್ ಚಿಪ್ಪಿನ ಲಾಭ ಇಷ್ಟೇ. ಉಳಿದ ಹೊಗಳಿಕೆ, ಅಂದರೆ ಕಡಿಮೆ ರಕ್ತ, ಕಡಿಮೆ ರಾಸಾಯನಿಕ, ಪುಟ್ಟ ಯಂತ್ರ, ಎಲ್ಲವೂ ಅದರ ಹಿಂದೆ ಬರುವಂಥವು. ತಮಾಷೆಯೆಂದರೆ ಚಿಪ್ಪು ಕೈಕೊಡುವುದೂ ಇದೇ ಕಾರಣಕ್ಕೆ. ಗೋಡೆ ಹತ್ತಿರವಾದಷ್ಟೂ ಬೇಡದ್ದೆಲ್ಲ ಗೋಡೆಗೆ ಮೆತ್ತಿಕೊಳ್ಳುತ್ತದೆ. ದ್ರವ ಕಡಿಮೆಯಾದಷ್ಟೂ ಒಂದು ಸಣ್ಣ ಗುಳ್ಳೆ ಇಡೀ ದಾರಿಯನ್ನೇ ಕಟ್ಟಿಹಾಕುತ್ತದೆ.

ಮಾತು ಗಾಳಿಯಲ್ಲಿ ಹೋಗದಿರಲೆಂದು ಒಂದು ನಿರ್ದಿಷ್ಟ ಚಿಪ್ಪನ್ನು ಇಟ್ಟುಕೊಳ್ಳೋಣ. ಚಾನೆಲ್ 50 ಮೈಕ್ರಾನ್ ಎತ್ತರ, 200 ಮೈಕ್ರಾನ್ ಅಗಲ, 20 ಮಿಲಿಮೀಟರ್ ಉದ್ದ. ಒಳಗೆ ಹಿಡಿಯುವ ದ್ರವ 0.2 ಮೈಕ್ರೋಲೀಟರ್. ಒಳಗೋಡೆಯ ವಿಸ್ತೀರ್ಣ 10 ಚದರ ಮಿಲಿಮೀಟರ್. ಒಂದು ಮೈಕ್ರೋಲೀಟರಿಗೆ 50 ಚದರ ಮಿಲಿಮೀಟರ್ ಗೋಡೆ ಎಂದಾಯಿತು. ಎಲೈಸಾ ಗುಳಿಯಲ್ಲಿ ಇದು ಹೆಚ್ಚುಕಡಿಮೆ 1. ಈ ಐವತ್ತು ಪಟ್ಟು ಅಂತರವನ್ನು ನೆನಪಿಟ್ಟುಕೊಳ್ಳಿ, ಮುಂದೆ ಪದೇ ಪದೇ ಬೇಕಾಗುತ್ತದೆ.

ಒಂದೇ ಅಚ್ಚಿನ ಚಿಪ್ಪಿನಲ್ಲಿ ಎರಡು ಕೆಲಸ ಮಾಡಬಹುದು. ಒಂದು, ಧನುರ್ವಾಯು ಲಸಿಕೆಯ ಪ್ರತಿಕಾಯ ರಕ್ತದಲ್ಲಿ ಎಷ್ಟಿದೆ ಎಂದು ನೋಡುವುದು. ಇನ್ನೊಂದು, ಕಾಲರಾ ಟಾಕ್ಸಿನ್ ಇದೆಯೇ ಎಂದು ನೋಡುವುದು. ಧನುರ್ವಾಯುವಿನಲ್ಲಿ ವಿಷವನ್ನೇ ಹುಡುಕುವುದು ದಂಡ. ಪ್ರಾಣ ತೆಗೆಯುವ ವಿಷದ ಪ್ರಮಾಣ ಎಷ್ಟು ಕಡಿಮೆಯೆಂದರೆ, ಕಾಯಿಲೆ ಬಂದು ಬದುಕಿದವರಿಗೂ ಅದರಿಂದ ರೋಗನಿರೋಧಕ ಶಕ್ತಿ ಹುಟ್ಟುವುದಿಲ್ಲ, ಅವರಿಗೂ ಲಸಿಕೆ ಹಾಕಬೇಕು. ಅಲ್ಲಿ ರೋಗ ಗುರುತಿಸುವುದು ಲಕ್ಷಣ ನೋಡಿಯೇ. ಆದರೆ ಗಾಯ ಮಾಡಿಕೊಂಡು ಬಂದವರಿಗೆ ರಕ್ಷಣೆ ಉಳಿದಿದೆಯೋ ಇಲ್ಲವೋ ಎಂದು ತಿಳಿಯಲು ಪ್ರತಿಕಾಯದ ಪರೀಕ್ಷೆ ಉಪಯುಕ್ತ. ಕಾಲರಾದಲ್ಲಿ ಇದು ತಿರುವುಮುರುವು: ಬ್ಯಾಕ್ಟೀರಿಯಾ ಸಿಕ್ಕಮೇಲೆ ಅದು ವಿಷ ಬಿಡುವ ತಳಿಯೇ ಎಂಬುದು ಮುಖ್ಯ ಪ್ರಶ್ನೆ. ಕಾಲರಾದ ಹಿಂದೆ ಒಂದು ಟಾಕ್ಸಿನ್ ಇದೆಯೆಂದು ಮೊಲದ ಕರುಳಿನ ತುಂಡಿನಲ್ಲಿ ತೋರಿಸಿಕೊಟ್ಟವರು ಕಲ್ಕತ್ತೆಯ ಸಂಭುನಾಥ್ ದೇ, 1959ರಲ್ಲಿ.

ಕಲಿಯುವಾಗ ನಿಜವಾದ ವಿಷ ಬೇಡವೇ ಬೇಡ. ಧನುರ್ವಾಯುವಿಗೆ ಟಾಕ್ಸಾಯ್ಡ್, ಅಂದರೆ ಫಾರ್ಮಾಲಿನ್‌ನಿಂದ ಸಾಯಿಸಿದ ವಿಷ. ಕಾಲರಾಕ್ಕೆ ಬರೀ ಬಿ ಉಪಘಟಕ, ಅಂದರೆ ಜೀವಕೋಶಕ್ಕೆ ಅಂಟುವ ಭಾಗ ಮಾತ್ರ. ಎರಡೂ ನಿರುಪದ್ರವಿ, ಎರಡೂ ಪ್ರತಿಕಾಯಗಳಿಗೆ ಚೆನ್ನಾಗಿಯೇ ಅಂಟುತ್ತವೆ.

ಅಚ್ಚು

ಸಿಲಿಕಾನ್ ವೇಫರ್ ಮೇಲೆ ಎಸ್‌ಯು-8 ಎಂಬ, ಬೆಳಕು ಬಿದ್ದಲ್ಲಿ ಗಟ್ಟಿಯಾಗುವ ಫೋಟೋರೆಸಿಸ್ಟಿನಿಂದ ಚಾನೆಲ್‌ನ ಉಬ್ಬು ಮಾಡಬೇಕು. 50 ಮೈಕ್ರಾನಿಗೆ ಎಸ್‌ಯು-8 2050 ಸರಿಹೊಂದುತ್ತದೆ. ಮೊದಲು 500 ಆರ್‌ಪಿಎಂನಲ್ಲಿ 5ರಿಂದ 10 ಸೆಕೆಂಡು ಹರಡಿ, ಆಮೇಲೆ 3000 ಆರ್‌ಪಿಎಂನಲ್ಲಿ 30 ಸೆಕೆಂಡು. ಹಾಟ್‌ಪ್ಲೇಟಿನಲ್ಲಿ 65 ಡಿಗ್ರಿಗೆ 3 ನಿಮಿಷ, 95ಕ್ಕೆ 6ರಿಂದ 9 ನಿಮಿಷ. ಚಾನೆಲ್‌ನ ಚಿತ್ರವಿರುವ ಮಾಸ್ಕಿನ ಮೂಲಕ ಯುವಿ ಬೆಳಕು ಚದರ ಸೆಂಟಿಮೀಟರಿಗೆ 150ರಿಂದ 215 ಮಿಲಿಜೂಲ್. ಮತ್ತೆ 65ಕ್ಕೆ 1-2 ನಿಮಿಷ, 95ಕ್ಕೆ 6-7 ನಿಮಿಷ. ಡೆವಲಪರ್‌ನಲ್ಲಿ 5ರಿಂದ 7 ನಿಮಿಷ ಅಲ್ಲಾಡಿಸಿ, ಐಸೊಪ್ರೊಪೈಲ್ ಆಲ್ಕೋಹಾಲಿನಲ್ಲಿ ತೊಳೆಯಿರಿ. ತೊಳೆದಾಗ ಬಿಳಿ ಮಬ್ಬು ಕಂಡರೆ ಇನ್ನೂ ಕರಗಬೇಕಾದ್ದು ಉಳಿದಿದೆ ಎಂದರ್ಥ, ಮತ್ತೆ ಡೆವಲಪರಿಗೆ ಹಾಕಿ.

ಬಿಸಿಯಿಂದ ತಣ್ಣಗೆ ತರುವಾಗ ಅವಸರ ಮಾಡಬೇಡಿ. 95 ಡಿಗ್ರಿಯಿಂದ ನೇರ ಲೋಹದ ಮೇಜಿನ ಮೇಲಿಟ್ಟರೆ ಎಸ್‌ಯು-8 ಬಿರುಕು ಬಿಡುತ್ತದೆ, ಮೂಲೆಗಳಲ್ಲಿ ಎದ್ದೂ ಬರುತ್ತದೆ.

200 ಮೈಕ್ರಾನ್ ಅಗಲಕ್ಕೆ ಕ್ರೋಮ್ ಮಾಸ್ಕ್ ಬೇಕಾಗಿಲ್ಲ, ಪಿಸಿಬಿ ಮಾಡುವವರು ತೆಗೆಸುವ ಫೋಟೋಪ್ಲಾಟರ್ ಫಿಲ್ಮೇ ಧಾರಾಳ. ಸ್ವಂತ ಕ್ಲೀನ್‌ರೂಮ್ ಇಲ್ಲದ ಕಾಲೇಜಿನವರಿಗೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನ್ಯಾನೋ ಕೇಂದ್ರದಲ್ಲಿ ಐಎನ್‌ಯುಪಿ ಯೋಜನೆಯಡಿ ಹೊರಗಿನ ಸಂಶೋಧಕರಿಗೂ ಅವಕಾಶ ಕೊಡುವ ವ್ಯವಸ್ಥೆ ಇದೆ. ಒಂದು ಅಚ್ಚು ಮಾಡಿಸಿಕೊಂಡು ಬಂದರೆ ಜೋಪಾನವಾಗಿ ಬಳಸಿ ಹತ್ತಾರು ಸಲ ಎರಕ ಹೊಯ್ಯಬಹುದು.

ಅಚ್ಚಿನ ಎತ್ತರವನ್ನು ಅಳೆಯದೆ ಮುಂದೆ ಹೋಗಬಾರದು. ಚಾನೆಲ್‌ನ ತಡೆ ಎತ್ತರದ ಘನಕ್ಕೆ ತಕ್ಕಂತೆ ಬದಲಾಗುತ್ತದೆ. 50ರ ಬದಲು 45 ಮೈಕ್ರಾನ್ ಬಂದಿದ್ದರೆ ತಡೆ ಸುಮಾರು ಮೂರನೇ ಒಂದು ಪಾಲಿನಷ್ಟು ಏರುತ್ತದೆ. ಒಂದೇ ವೇಫರಿನ ಅಂಚಿನಲ್ಲಿರುವ ಚಿಪ್ಪಿಗೂ ನಡುವಿನದಕ್ಕೂ ಉತ್ತರ ಬೇರೆ ಬೇರೆ ಬರುವುದು ಎಷ್ಟೋ ಸಲ ಇದರಿಂದ, ಪ್ರತಿಕಾಯದ ದೋಷದಿಂದಲ್ಲ.

ಬಳಸುವ ಮುನ್ನ ಅಚ್ಚಿಗೆ ಫ್ಲೋರೋಸೈಲೇನ್ ಆವಿ ಕೊಡಬೇಕು, ಇಲ್ಲದಿದ್ದರೆ ಚಿಪ್ಪು ಎರೆಯುವ ಪಿಡಿಎಂಎಸ್ ಎಂಬ ಸಿಲಿಕೋನ್ ರಬ್ಬರು ಅಚ್ಚಿಗೇ ಕಚ್ಚಿಕೊಂಡು ಎರಡೂ ಹಾಳು. ಡೆಸಿಕೇಟರಿನಲ್ಲಿ ಒಂದು ಮುಚ್ಚಳಕ್ಕೆ ಎರಡು ಮೂರು ಹನಿ ಹಾಕಿ, ನಿರ್ವಾತ ಮಾಡಿ, ಒಂದು ಗಂಟೆ ಬಿಡಿ. ಫ್ಯೂಮ್ ಹುಡ್ ಒಳಗೇ ತೆರೆಯಿರಿ. ಈ ಫ್ಲೋರೋಸೈಲೇನ್ ಒಂದು ಟ್ರೈಕ್ಲೋರೋಸೈಲೇನ್, ತೇವಕ್ಕೆ ಸಿಕ್ಕರೆ ಹೈಡ್ರೋಕ್ಲೋರಿಕ್ ಆಮ್ಲದ ಹೊಗೆ ಬಿಡುತ್ತದೆ. ಅದೇ ತೇವ ಬಾಟಲಿಗೆ ಸೇರಿದರೆ ಬಿಳಿ ಕಣಗಳಾಗಿ ಅಚ್ಚಿನ ಮೇಲೆ ಕೂರುತ್ತದೆ. ಮಂಗಳೂರಿನ ಮಳೆಗಾಲದಂಥ ಹವೆಯಲ್ಲಿ ಬಾಟಲಿಯನ್ನು ಸಿಲಿಕಾ ಜೆಲ್ ಜೊತೆಗೇ ಇಡಬೇಕು.

ಎರಕ, ತೂತು, ಅಂಟಿಸುವಿಕೆ

ಸಿಲ್ಗಾರ್ಡ್ 184 ಎಂಬ ಪಿಡಿಎಂಎಸ್ ಎರಡು ಭಾಗಗಳಲ್ಲಿ ಬರುತ್ತದೆ. ತೂಕದಲ್ಲಿ 10ಕ್ಕೆ 1. ನಾಲ್ಕು ಇಂಚಿನ ವೇಫರಿಗೆ 40 ಗ್ರಾಂ ಬೇಸ್, 4 ಗ್ರಾಂ ಕ್ಯೂರಿಂಗ್ ಏಜೆಂಟ್. 5 ಮಿಲಿಮೀಟರಿಗಿಂತ ತುಸು ದಪ್ಪ ಬರುತ್ತದೆ. ಐದು ನಿಮಿಷ ಜೋರಾಗಿ ಕಲಸಿ, ಬೆಳ್ಳಗೆ ನೊರೆಯಾಗಬೇಕು. ಲೋಟ ಮಿಶ್ರಣದ ಮೂರು ಪಟ್ಟು ಎತ್ತರವಿರಲಿ. ನಿರ್ವಾತದಲ್ಲಿ ಹಾಲು ಉಕ್ಕಿದ ಹಾಗೆ ಉಕ್ಕುತ್ತದೆ, ಆಗ ಸ್ವಲ್ಪ ಗಾಳಿ ಬಿಟ್ಟು ಇಳಿಸಿ ಮತ್ತೆ ಎಳೆಯಬೇಕು. ಅರ್ಧ ಗಂಟೆಯಿಂದ ಒಂದು ಗಂಟೆಯಲ್ಲಿ ಗುಳ್ಳೆ ಹೋಗುತ್ತದೆ. ಅಚ್ಚಿನ ಮೇಲೆ ಸುರಿದು 70 ಡಿಗ್ರಿಯಲ್ಲಿ 2 ಗಂಟೆ.

ಎಷ್ಟು ಬೇಯಿಸಿದರೂ ಕೆಲವು ಕಡೆ ಅಂಟಂಟಾಗಿಯೇ ಉಳಿದರೆ ಒಲೆಯನ್ನು ಬಯ್ಯುವ ಮೊದಲು ಕೈಗವಸು ನೋಡಿ. ಗಟ್ಟಿಯಾಗಿಸುವ ಪ್ಲಾಟಿನಂ ವೇಗವರ್ಧಕವನ್ನು ಗಂಧಕ, ಅಮೈನ್, ತವರದ ಸಂಯುಕ್ತಗಳು ಕೊಲ್ಲುತ್ತವೆ. ಲೇಟೆಕ್ಸ್ ಕೈಗವಸಿನಲ್ಲಿ ಗಂಧಕ ಇರುತ್ತದೆ, ನೈಟ್ರೈಲ್ ಬಳಸಿ. 3ಡಿ ಪ್ರಿಂಟರಿನ ರೆಸಿನ್ ಅಚ್ಚಿನಲ್ಲೂ ಇದೇ ಪಾಡು, ಅದನ್ನು ಯುವಿಯಲ್ಲೂ ಬಿಸಿಯಲ್ಲೂ ಚೆನ್ನಾಗಿ ಮಾಗಿಸದೆ ಪಿಡಿಎಂಎಸ್ ಸುರಿಯಬಾರದು.

ತೂತು ಹೊಡೆಯಲು 1.5 ಮಿಲಿಮೀಟರಿನ ಬಯಾಪ್ಸಿ ಪಂಚ್. ಚಾನೆಲ್ ಇರುವ ಮುಖದಿಂದ ಹೊರಕ್ಕೆ ಹೊಡೆಯಿರಿ, ನೆಟ್ಟಗೆ, ತಿರುಚದೆ. ಕತ್ತರಿಸಿ ಬಂದ ಚೂರು ಪೂರ್ತಿ ಹೊರಬಂತೋ ಎಂದು ನೋಡಿ. ಒಳಗೆ ಉಳಿದ ಸಣ್ಣ ತುಣುಕು ಸರಿಯಾಗಿ ಚಾನೆಲ್ ಬಾಯಿಗೆ ಬಂದು ಕೂತುಕೊಳ್ಳುತ್ತದೆ. ಪಾರದರ್ಶಕ ಟೇಪನ್ನು ಮುಖಕ್ಕೆ ಅಂಟಿಸಿ ಕಿತ್ತರೆ ಧೂಳು ಹೋಗುತ್ತದೆ.

ಆಮೇಲೆ ಪಿಡಿಎಂಎಸ್ಸನ್ನೂ ಗಾಜಿನ ಸ್ಲೈಡನ್ನೂ ಆಮ್ಲಜನಕ ಅಥವಾ ಗಾಳಿಯ ಪ್ಲಾಸ್ಮಾಕ್ಕೆ 30ರಿಂದ 60 ಸೆಕೆಂಡು ಒಡ್ಡಿ, ಒಂದು ನಿಮಿಷದೊಳಗೆ ಮುಖಕ್ಕೆ ಮುಖ ಸೇರಿಸಿ, 80 ಡಿಗ್ರಿಯಲ್ಲಿ 10 ನಿಮಿಷಕ್ಕೆ ಕಡಿಮೆಯಿಲ್ಲದಂತೆ ಇಡಬೇಕು. ಜಾಸ್ತಿ ಹೊತ್ತು ಪ್ಲಾಸ್ಮಾ ಕೊಟ್ಟರೆ ಇನ್ನೂ ಗಟ್ಟಿಯಾಗಿ ಅಂಟೀತು ಎಂದುಕೊಳ್ಳುವವರು ಬಹಳ. ಆಗುವುದು ಉಲ್ಟಾ: ಮೇಲ್ಪದರ ಗಾಜಿನಂತೆ ಪೆಡಸಾಗಿ ಬಿರುಕು ಬಿಡುತ್ತದೆ, ಅಂಟು ಬಿಡುತ್ತದೆ. ಪ್ಲಾಸ್ಮಾ ಆದಮೇಲೆ ಒಳಗೋಡೆ ನೀರನ್ನು ಒಪ್ಪಿಕೊಳ್ಳುತ್ತದೆ, ಆದರೆ ಕೆಲವೇ ಗಂಟೆಗಳಲ್ಲಿ ಮತ್ತೆ ನೀರು ದೂಡುವ ಹಳೇ ಚಾಳಿಗೆ ಮರಳುತ್ತದೆ. ಆದ್ದರಿಂದ ಒಲೆಯಿಂದ ತೆಗೆದು ಆರಿದ ಕೂಡಲೇ ಬಫರ್ ತುಂಬಿಬಿಡಿ. ಮೊದಲ ಸಲ ಗುಳ್ಳೆಯಿಲ್ಲದೆ ತುಂಬಲು ಇಷ್ಟು ಒಳ್ಳೆಯ ಹೊತ್ತು ಮತ್ತೆ ಸಿಗುವುದಿಲ್ಲ.

ಗೋಡೆಗೆ ಏನನ್ನು, ಎಷ್ಟು

ಪ್ಲೇಟಿನಲ್ಲಿ ನಡೆಯುವ ವಿಧಾನವನ್ನು ಹಾಗೇ ಚಿಪ್ಪಿಗೆ ತಂದವರು ಎಡವುವುದು ಇಲ್ಲಿ. ಪ್ರತಿಕಾಯದ ಒಂದು ಪದರ ಕೂರಲು ಚದರ ಮಿಲಿಮೀಟರಿಗೆ 2ರಿಂದ 3 ನ್ಯಾನೋಗ್ರಾಂ ಬೇಕು. ನಮ್ಮ ಗೋಡೆ 10 ಚದರ ಮಿಲಿಮೀಟರ್, ಅಂದರೆ 20-30 ನ್ಯಾನೋಗ್ರಾಂ. ಮಿಲಿಲೀಟರಿಗೆ 50 ಮೈಕ್ರೋಗ್ರಾಂ ಸಾಂದ್ರತೆಯ ಪ್ರತಿಕಾಯ ತುಂಬಿದರೆ 0.2 ಮೈಕ್ರೋಲೀಟರಿನಲ್ಲಿ ಇರುವುದು 10 ನ್ಯಾನೋಗ್ರಾಂ ಮಾತ್ರ. ಎಷ್ಟು ಹೊತ್ತು ಬಿಟ್ಟರೂ ಗೋಡೆ ಅರ್ಧ ಖಾಲಿಯೇ. ಅದೂ ಬಾಗಿಲ ಕಡೆ ದಟ್ಟವಾಗಿ, ಕೊನೆಯ ಕಡೆ ಬೋಳಾಗಿ ಕೂರುತ್ತದೆ. ಮಿಲಿಲೀಟರಿಗೆ 1 ಮಿಲಿಗ್ರಾಂ ಬಿಎಸ್‌ಎ (ದನದ ಸೀರಂನ ಪ್ರೋಟೀನು) ಆದರೆ ಒಂದೇ ತುಂಬಿಗೆ 200 ನ್ಯಾನೋಗ್ರಾಂ, ಬೇಕಾದಷ್ಟಾಯಿತು. ಬ್ಲಾಕಿಂಗ್, ಅಂದರೆ ಗೋಡೆಯ ಖಾಲಿ ಜಾಗ ಮುಚ್ಚುವುದು, ಒಂದೇ ಸಲಕ್ಕೆ ಆಗುತ್ತದೆ, ಪ್ರತಿಕಾಯದ ಕೋಟಿಂಗ್ ಆಗುವುದಿಲ್ಲ ಎಂಬ ಗೊಂದಲಕ್ಕೆ ಉತ್ತರ ಈ ಗುಣಾಕಾರದಲ್ಲಿದೆ. ಪ್ರತಿಕಾಯವನ್ನು ನಿಲ್ಲಿಸಬೇಡಿ, ಹರಿಸಿ: ನಿಮಿಷಕ್ಕೆ 1 ಮೈಕ್ರೋಲೀಟರಿನಂತೆ 15-20 ನಿಮಿಷ.

ಧನುರ್ವಾಯುವಿಗೆ ಟಾಕ್ಸಾಯ್ಡನ್ನು ಮಿಲಿಲೀಟರಿಗೆ 20 ಮೈಕ್ರೋಗ್ರಾಂನಂತೆ 20 ನಿಮಿಷ ಹರಿಸಿದರೆ 400 ನ್ಯಾನೋಗ್ರಾಂ ದಾಟಿಹೋಗುತ್ತದೆ, ಗೋಡೆ ತನಗೆ ಬೇಕಾದ್ದನ್ನು ಹೀರಿಕೊಳ್ಳುತ್ತದೆ. ಇಲ್ಲಿ ಮಾತ್ರ ಪ್ಲಾಸ್ಮಾದ ಗುಂಗು ಇಳಿದು ಗೋಡೆ ಮತ್ತೆ ನೀರು ದೂಡುವ ಸ್ಥಿತಿಗೆ ಬಂದಿದ್ದರೆ ಒಳ್ಳೆಯದು, ಪ್ರೋಟೀನು ಗಟ್ಟಿಯಾಗಿ ಕೂರುತ್ತದೆ. ಈ ಚಿಪ್ಪನ್ನು ಮಾತ್ರ ಬಫರ್ ತುಂಬದೆ ಒಣಗಿಯೇ ಒಂದೆರಡು ದಿನ ಮುಚ್ಚಿಟ್ಟು ಬಳಸುವುದು ಅದಕ್ಕೇ, ಒಳಗೆ ನೀರಿದ್ದರೆ ಗೋಡೆ ಬೇಗ ಹಳೇ ಸ್ಥಿತಿಗೆ ಮರಳುವುದಿಲ್ಲ.

ಕಾಲರಾ ಟಾಕ್ಸಿನ್ನಿಗೆ ಹಿಡಿಯುವ ಪ್ರತಿಕಾಯ ತನ್ನ ಬಾಯಿ ಮೇಲೆ ಮಾಡಿ ನಿಂತಿರಬೇಕು, ಬರೀ ಮೆತ್ತಿದರೆ ಅರ್ಧಕ್ಕರ್ಧ ತಲೆಕೆಳಗಾಗಿ ಬಿದ್ದಿರುತ್ತವೆ. ಅದಕ್ಕೆ ಮೂರು ಮೆಟ್ಟಿಲು: ಬಯೋಟಿನ್ ಜೋಡಿಸಿದ ಬಿಎಸ್‌ಎ, ಮಿಲಿಲೀಟರಿಗೆ 1 ಮಿಲಿಗ್ರಾಂ, 30 ನಿಮಿಷ. ತೊಳೆದು ನ್ಯೂಟ್ರಾವಿಡಿನ್ (ಬಯೋಟಿನ್ನನ್ನು ಗಟ್ಟಿಯಾಗಿ ಹಿಡಿಯುವ ಪ್ರೋಟೀನು), 0.1 ಮಿಲಿಗ್ರಾಂ, ಹರಿಸುತ್ತ 15 ನಿಮಿಷ. ತೊಳೆದು ಬಾಲದ ಕಡೆ ಬಯೋಟಿನ್ ಇರುವ ಪ್ರತಿಕಾಯ, 20ರಿಂದ 50 ಮೈಕ್ರೋಗ್ರಾಂ, ಹರಿಸುತ್ತ 15 ನಿಮಿಷ. ಕೊನೆಗೆ 1 ಶೇಕಡಾ ಬಿಎಸ್‌ಎ ಜೊತೆಗೆ 0.05 ಶೇಕಡಾ ಟ್ವೀನ್-20 ಇರುವ ಪಿಬಿಎಸ್ ಬಫರ್ ಅರ್ಧ ಗಂಟೆ.

ಬ್ಲಾಕಿಂಗಿಗೆ ಹಾಲಿನ ಪುಡಿ ಅಗ್ಗ, ಚೆನ್ನಾಗಿಯೂ ಕೆಲಸ ಮಾಡುತ್ತದೆ. ಆದರೆ ಹಾಲಿನಲ್ಲಿ ಬಯೋಟಿನ್ ಇದೆ. ನ್ಯೂಟ್ರಾವಿಡಿನ್ ಇರುವ ಚಿಪ್ಪಿಗೆ ಪ್ರತಿಕಾಯ ಕೂರಿಸುವ ಮೊದಲೇ ಹಾಲು ತಾಗಿಸಿದರೆ ಎಲ್ಲ ಕುರ್ಚಿಗಳೂ ಭರ್ತಿ. ಇದರ ಅಣ್ಣನಂಥ ತೊಂದರೆ ರೋಗಿಯ ಕಡೆಯಿಂದ ಬರುತ್ತದೆ: ಕೂದಲಿಗೆ, ಉಗುರಿಗೆ ಎಂದು ಬಯೋಟಿನ್ ಮಾತ್ರೆ ನುಂಗುವವರ ರಕ್ತದಲ್ಲಿ ಅದು ಬೇಕಾದಷ್ಟಿರುತ್ತದೆ. ಬಯೋಟಿನ್ ಬಳಸುವ ಪರೀಕ್ಷೆಗಳಲ್ಲಿ ಇದರಿಂದ ತಪ್ಪು ಉತ್ತರ ಬರುತ್ತದೆಂದು ಅಮೆರಿಕದ ಎಫ್‌ಡಿಎ 2017ರಲ್ಲಿ ಎಚ್ಚರಿಕೆ ಕೊಟ್ಟಿತ್ತು. ಪ್ರತಿಕಾಯವನ್ನು ಮೊದಲೇ ಕೂರಿಸಿ ತೊಳೆದಿದ್ದರೆ ಈ ಕಾಟ ಕಡಿಮೆ. ಹಿಡಿದದ್ದನ್ನು ತೋರಿಸಿಕೊಡುವ ಎರಡನೇ ಪ್ರತಿಕಾಯಕ್ಕೂ, ಅಂದರೆ ಗುರುತಿನ ಪ್ರತಿಕಾಯಕ್ಕೂ, ಬಯೋಟಿನ್ ಹಾಕಿ ಕೊನೆಗೆ ನ್ಯೂಟ್ರಾವಿಡಿನ್ ಜಾತಿಯದೇ ಆದ ಸ್ಟ್ರೆಪ್ಟಾವಿಡಿನ್ ಸುರಿಯುವ ಬುದ್ಧಿವಂತಿಕೆ ಮಾತ್ರ ಇಲ್ಲಿ ಬೇಡ.

ಕಾಲರಾ ಟಾಕ್ಸಿನ್ ಕರುಳಿನ ಜೀವಕೋಶದಲ್ಲಿ ಜಿಎಂ1 ಎಂಬ ಗ್ಯಾಂಗ್ಲಿಯೋಸೈಡಿಗೆ ಅಂಟುತ್ತದೆ. ಪ್ರತಿಕಾಯದ ಬದಲು ಗೋಡೆಗೆ ಅದನ್ನೇ ಮೆತ್ತಬಹುದು, ಬಹಳ ಗಟ್ಟಿ ಹಿಡಿತ. ಆದರೆ ಇ. ಕೋಲಿಯ ಎಲ್‌ಟಿ ಟಾಕ್ಸಿನ್ನೂ ಅದೇ ಜಿಎಂ1ಗೆ ಜೋತುಬೀಳುತ್ತದೆ, ಎರಡರ ರಚನೆಯೂ ಅಣ್ಣತಮ್ಮಂದಿರಷ್ಟು ಹತ್ತಿರ. ಆಗ ಬೇರ್ಪಡಿಸುವ ಹೊಣೆಯೆಲ್ಲ ಎರಡನೇ ಪ್ರತಿಕಾಯದ ಮೇಲೆ. ಅದು ಎಲ್‌ಟಿಗೆ ಅಂಟುವುದಿಲ್ಲವೆಂದು ಎಲ್‌ಟಿ ಹಾಕಿಯೇ ಪರೀಕ್ಷಿಸಿ, ಲೇಬಲ್ ಓದಿ ನಂಬಬೇಡಿ.

ಹರಿವು ಮತ್ತು ಎಲ್ಲೋ ಅಡಗಿರುವ ದ್ರವ

ನಿಮಿಷಕ್ಕೆ 1 ಮೈಕ್ರೋಲೀಟರ್ ಹರಿಸಿದರೆ ಚಾನೆಲ್ ಒಳಗೆ ವೇಗ ಸೆಕೆಂಡಿಗೆ 1.7 ಮಿಲಿಮೀಟರ್, ರೆನಾಲ್ಡ್ಸ್ ಸಂಖ್ಯೆ ಸುಮಾರು 0.13. ಸುಳಿಯಿಲ್ಲ, ಕದಡುವಿಕೆಯಿಲ್ಲ. ದ್ರವ 12 ಸೆಕೆಂಡಿನಲ್ಲಿ ಈ ತುದಿಯಿಂದ ಆ ತುದಿಗೆ. ನಾಲ್ಕೂ ಗೋಡೆಗೆ ಕೋಟಿಂಗ್ ಇದ್ದರೆ ಅಣು ಸಾಗಬೇಕಾದ್ದು ಹೆಚ್ಚೆಂದರೆ 25 ಮೈಕ್ರಾನ್, ಅದಕ್ಕೆ 8 ಸೆಕೆಂಡು. ಬಹುಪಾಲು ಗೋಡೆ ಮುಟ್ಟುತ್ತವೆ. ಗಾಜಿನ ಮೇಲೆ ಮಾತ್ರ ಚುಕ್ಕಿ ಇಟ್ಟು ಮಾಡಿದ ಚಿಪ್ಪಾದರೆ 31 ಸೆಕೆಂಡು ಬೇಕು, 12 ಸೆಕೆಂಡಿನಲ್ಲಿ ಹೆಚ್ಚಿನವು ಹಾಗೇ ದಾಟಿಹೋಗುತ್ತವೆ. ಅಂಥ ಚಿಪ್ಪಿಗೆ ಹರಿವು ನಿಧಾನ ಮಾಡಲೇಬೇಕು. ಇದು ಮುಟ್ಟುವ ಲೆಕ್ಕ ಮಾತ್ರ, ಮುಟ್ಟಿದ್ದು ಅಂಟುತ್ತದೋ ಇಲ್ಲವೋ ಎಂಬುದು ಪ್ರತಿಕಾಯದ ಗುಣ.

ಈ ಹರಿವಿಗೆ ಬೇಕಾದ ಒತ್ತಡ ಸುಮಾರು 190 ಪ್ಯಾಸ್ಕಲ್, ಅಂದರೆ 2 ಸೆಂಟಿಮೀಟರ್ ನೀರಿನ ಎತ್ತರ. ಒಂದು ಪಿಪೆಟ್ ಟಿಪ್ಪನ್ನು ತೂತಿಗೆ ಸಿಕ್ಕಿಸಿ ದ್ರವ ನಿಲ್ಲಿಸಿದರೆ ತಾನೇ ಹರಿಯುತ್ತದೆ! ಪಂಪ್ ಇಲ್ಲದ ಊರಿನಲ್ಲಿ ಇದು ದೊಡ್ಡ ಅನುಕೂಲ. ಎತ್ತರ ಇಳಿದಂತೆ ಹರಿವೂ ಇಳಿಯುತ್ತದೆ, ಅದೊಂದು ನೆನಪಿರಲಿ. ಸಿರಿಂಜ್ ಪಂಪೇ ಬೇಕೆಂದರೆ 100 ಅಥವಾ 250 ಮೈಕ್ರೋಲೀಟರಿನ ಗಾಜಿನ ಸಿರಿಂಜ್ ಹಾಕಿ. 10 ಮಿಲಿಲೀಟರ್ ಸಿರಿಂಜಿನಲ್ಲಿ ಇಷ್ಟು ಕಡಿಮೆ ಹರಿವು ಕೇಳಿದರೆ ಮೋಟಾರು ಒಂದೊಂದೇ ಹೆಜ್ಜೆ ಇಡುವುದು ಚಾನೆಲ್‌ನಲ್ಲಿ ಏದುಸಿರಿನಂತೆ ಕಾಣುತ್ತದೆ.

ಇನ್ನು ಟ್ಯೂಬು. ಒಳವ್ಯಾಸ ಅರ್ಧ ಮಿಲಿಮೀಟರ್, ಉದ್ದ 30 ಸೆಂಟಿಮೀಟರ್ ಇರುವ ಟ್ಯೂಬಿನಲ್ಲಿ 59 ಮೈಕ್ರೋಲೀಟರ್ ದ್ರವ ಹಿಡಿಯುತ್ತದೆ, ಚಾನೆಲ್‌ನ ಸುಮಾರು 300 ಪಟ್ಟು. ಬೆರಳು ಚುಚ್ಚಿ ತೆಗೆದ ಹತ್ತು ಮೈಕ್ರೋಲೀಟರ್ ಅದರೊಳಗೇ ಕಳೆದುಹೋಗುತ್ತದೆ. ಆದ್ದರಿಂದ ಸ್ಯಾಂಪಲ್ಲನ್ನು ಚಿಪ್ಪಿನ ಬಾಯಲ್ಲೇ ಇಟ್ಟು, ಪಂಪನ್ನು ಆಚೆ ತುದಿಗೆ ಜೋಡಿಸಿ ಎಳೆಯುವುದು ವಾಸಿ. ಎಳೆಯುವಾಗ ಕೀಲು ಸಡಿಲಿದ್ದರೆ ಗಾಳಿ ಒಳಗೆ ಬರುತ್ತದೆ, ದೂಡುವಾಗಲಾದರೆ ದ್ರವ ಹೊರಗೆ ಸೋರುತ್ತದೆ; ಸೋರಿದ್ದು ಕಣ್ಣಿಗೆ ಕಾಣುತ್ತದೆ, ಬಂದ ಗಾಳಿ ಕೆಲವೊಮ್ಮೆ ಕಾಣುವುದಿಲ್ಲ.

ಎಲ್ಲರೂ ಮರೆಯುವುದು ತೂತನ್ನು. 1.5 ಮಿಲಿಮೀಟರ್ ಅಗಲ, 5 ಮಿಲಿಮೀಟರ್ ಆಳದ ತೂತಿನಲ್ಲಿ ಸುಮಾರು 9 ಮೈಕ್ರೋಲೀಟರ್ ಇರುತ್ತದೆ, ಚಾನೆಲ್‌ನ 44 ಪಟ್ಟು. ಚಾನೆಲ್‌ನ ಇಪ್ಪತ್ತು ಪಟ್ಟು ಬಫರಿನಲ್ಲಿ ತೊಳೆದೆ ಎಂದು ಸಮಾಧಾನಪಟ್ಟರೆ, ನಿಜದಲ್ಲಿ ಹರಿದದ್ದು 4 ಮೈಕ್ರೋಲೀಟರ್. ಅದೂ ತೂತಿನಲ್ಲಿ ಉಳಿದಿದ್ದ ಹಳೆಯ ಸೀರಂ ಬೆರೆತದ್ದು. ಹಿನ್ನೆಲೆ ಏಕೆ ಇಷ್ಟು ಕಪ್ಪಾಗಿ ಬರುತ್ತಿದೆ ಎಂದು ಬ್ಲಾಕಿಂಗ್ ಬದಲಿಸುತ್ತ ವಾರಗಟ್ಟಲೆ ಕೂತರೂ ಫಲವಿಲ್ಲ. ಸ್ಯಾಂಪಲ್ ಮುಗಿದ ಕೂಡಲೇ ತೂತಿನಲ್ಲಿ ಉಳಿದದ್ದನ್ನು ಪಿಪೆಟ್‌ನಿಂದ ಹೀರಿ ತೆಗೆಯಿರಿ, ಚಾನೆಲ್ ಬಾಯಿ ಮಾತ್ರ ಒಣಗದಂತೆ ತಳದಲ್ಲಿ ಒಂದಿಷ್ಟು ಬಿಡಿ. ತೂತಿಗೆ ಬಫರ್ ಹಾಕಿ ಹೀರಿ, ಮೂರು ಸಲ. ಆಮೇಲೆ ಚಾನೆಲ್ ತೊಳೆಯಿರಿ, ಐದು ನಿಮಿಷ. ಇದೊಂದು ಬದಲಾವಣೆಯಿಂದ ಆಗುವ ಗುಣ ಬೇರೆ ಯಾವ ತಿದ್ದುಪಡಿಯಿಂದಲೂ ಆಗುವುದಿಲ್ಲ ಎಂಬುದು ನನ್ನ ಅಭಿಪ್ರಾಯ.

ಗುಳ್ಳೆ

ಫ್ರಿಜ್ಜಿನಿಂದ ತೆಗೆದ ಬಫರನ್ನು ನೇರ ಚಿಪ್ಪಿಗೆ ಹಾಕಿದರೆ ಐದು ಹತ್ತು ನಿಮಿಷದಲ್ಲಿ ಗುಳ್ಳೆ ಹುಟ್ಟುತ್ತದೆ. ತಣ್ಣನೆಯ ನೀರು ಹೆಚ್ಚು ಗಾಳಿ ಹಿಡಿದಿಟ್ಟುಕೊಂಡಿರುತ್ತದೆ, 30 ಡಿಗ್ರಿಯ ಕೋಣೆಯಲ್ಲಿ ಅದನ್ನು ಬಿಡುತ್ತದೆ. ಲೋಟದಲ್ಲಿ ರಾತ್ರಿಯಿಟ್ಟ ನೀರಿನ ಬದಿಗೆ ಕೂರುವ ಗುಳ್ಳೆಗಳೇ ಇವು. ಬಫರನ್ನು ಕೋಣೆಯ ಬಿಸಿಗೆ ತಂದು ಡೆಸಿಕೇಟರಿನಲ್ಲಿ ಅರ್ಧ ಗಂಟೆ ನಿರ್ವಾತಕ್ಕಿಡಿ.

ಬಂದೇ ಬಂದರೆ? ಹೊರದಾರಿಯನ್ನು ಒಂದು ಪಿನ್ನಿನಿಂದ ಮುಚ್ಚಿ ಒಳದಾರಿಯಿಂದ ಮೆಲ್ಲಗೆ ಒತ್ತಡ ಕೊಡಿ. ಪಿಡಿಎಂಎಸ್ ಮೂಲಕ ಗಾಳಿ ನುಸುಳಿ ಹೋಗುತ್ತದೆ, ಗುಳ್ಳೆ ಕರಗಿದಂತೆ ಕುಗ್ಗುತ್ತದೆ. ಪ್ರೋಟೀನು ಕೂರಿಸುವ ಮೊದಲಾಗಿದ್ದರೆ ಆಲ್ಕೋಹಾಲ್ ಹರಿಸಿ ಗುಳ್ಳೆ ಓಡಿಸಬಹುದು. ಆಮೇಲೆ ಆಲ್ಕೋಹಾಲ್ ಮುಟ್ಟಿಸಿದರೆ ಪ್ರತಿಕಾಯ ಸತ್ತಂತೆ. ಗುಳ್ಳೆ ಗೋಡೆಯ ಮೇಲೆ ಹಾದುಹೋದರೂ ಅದರ ಅಂಚು ಪ್ರೋಟೀನನ್ನು ಕೆರೆದುಕೊಂಡು ಹೋಗುತ್ತದೆ. ಅಂಥ ಚಿಪ್ಪಿನ ಉತ್ತರ ನಂಬಬೇಡಿ.

ಗಾಳಿ ನುಸುಳುವ ದಾರಿಯಲ್ಲಿ ನೀರಾವಿಯೂ ನುಸುಳುತ್ತದೆ. 0.2 ಮೈಕ್ರೋಲೀಟರ್ ಒಣಗಲು ಹೊತ್ತು ಬೇಕಿಲ್ಲ. ಚಿಪ್ಪನ್ನು ನಿಲ್ಲಿಸಿ ಬಿಡುವಾಗ ಒದ್ದೆ ಟಿಶ್ಯೂ ಇಟ್ಟ ಪೆಟ್ರಿ ಡಿಶ್ಶಿನಲ್ಲಿ ಮುಚ್ಚಿಡಬೇಕು.

ಗುಳ್ಳೆಯನ್ನೇ ಆಳಿನಂತೆ ದುಡಿಸಿಕೊಂಡವರೂ ಇದ್ದಾರೆ. ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಯಾಮ್ಯುಯಲ್ ಸಿಯಾ ಅವರ ತಂಡ 2011ರಲ್ಲಿ ಪ್ರಕಟಿಸಿದ ಎಂಚಿಪ್, ಎಚ್‌ಐವಿ ಮತ್ತು ಸಿಫಿಲಿಸ್ ಪ್ರತಿಕಾಯಗಳನ್ನು ರುವಾಂಡಾದಲ್ಲಿ ಪರೀಕ್ಷಿಸಿ ನೋಡಿತು. ಅದರಲ್ಲಿ ಪ್ರತಿಕಾಯ, ತೊಳೆಯುವ ನೀರು ಎಲ್ಲವನ್ನೂ ಒಂದೇ ಟ್ಯೂಬಿನಲ್ಲಿ ಸಾಲಾಗಿ ತುಂಬಿ ನಡುನಡುವೆ ಗಾಳಿಯ ತುಂಡು ಬಿಟ್ಟಿದ್ದರು. ಒಂದೇ ಎಳೆತಕ್ಕೆ ಎಲ್ಲವೂ ಸರದಿಯಲ್ಲಿ ಬರುತ್ತವೆ, ಒಂದಕ್ಕೊಂದು ಬೆರೆಯುವುದಿಲ್ಲ. ಅದು ಪಿಡಿಎಂಎಸ್ ಚಿಪ್ಪಲ್ಲ, ಅಚ್ಚೊತ್ತಿದ ಪ್ಲಾಸ್ಟಿಕ್. ಸಾವಿರಗಟ್ಟಲೆ ಬೇಕಾದಾಗ ಪಿಡಿಎಂಎಸ್ ಸಾಗುವ ದಾರಿಯಲ್ಲ.

ಓದುವುದು

ಪ್ಲೇಟಿನ ಅಭ್ಯಾಸದಲ್ಲಿ ಎಚ್‌ಆರ್‌ಪಿ ಎಂಬ ಕಿಣ್ವ ಮತ್ತು ಅದರಿಂದ ಬಣ್ಣ ತಳೆಯುವ ಟಿಎಂಬಿ ಹಾಕಿ ಬಣ್ಣ ನೋಡಲು ಹೋದರೆ ನಿರಾಸೆ. ಬೆಳಕು ದಾಟುವ ದಾರಿ 3 ಮಿಲಿಮೀಟರಿನಿಂದ 50 ಮೈಕ್ರಾನಿಗೆ ಇಳಿದಿದೆ, ಅಷ್ಟೇ ಸಾಂದ್ರತೆಯ ಬಣ್ಣ 60 ಪಟ್ಟು ತೆಳುವಾಗಿ ಕಾಣುತ್ತದೆ. ಜೊತೆಗೆ ಹರಿಯುವ ದ್ರವ ಅದನ್ನು ಕೊಚ್ಚಿಕೊಂಡೂ ಹೋಗುತ್ತದೆ. ಎಚ್‌ಆರ್‌ಪಿ ಬಿಡಲಾರೆ ಎನ್ನುವವರು ಗೋಡೆಗೆ ಕೂರುವ ಬಗೆಯ ಟಿಎಂಬಿ ಹಾಕಿ, ಹರಿವು ನಿಲ್ಲಿಸಿ ಓದಬೇಕು. ಬಫರಿನಲ್ಲಿ ಸೋಡಿಯಂ ಅಜೈಡ್ ಇರಲೇಬಾರದು, ಅದು ಎಚ್‌ಆರ್‌ಪಿಯನ್ನು ಕೊಲ್ಲುತ್ತದೆ.

ಎಂಚಿಪ್ಪಿನವರು ಹಿಡಿದ ದಾರಿ ಚಿನ್ನ ಮತ್ತು ಬೆಳ್ಳಿ. ಎರಡನೇ ಪ್ರತಿಕಾಯಕ್ಕೆ ಚಿನ್ನದ ನ್ಯಾನೋಕಣ ಕಟ್ಟಿ, ಆಮೇಲೆ ಬೆಳ್ಳಿಯ ಲವಣ ಮತ್ತು ಅಪಕರ್ಷಕವನ್ನು ಬೆರೆಸಿ ಹರಿಸಿದರೆ ಚಿನ್ನ ಇರುವಲ್ಲೆಲ್ಲ ಬೆಳ್ಳಿ ಕೂತು ಕಪ್ಪು ಗೆರೆಯಾಗುತ್ತದೆ. ಫೋನಿನ ಕ್ಯಾಮೆರಾಕ್ಕೂ ಕಾಣುತ್ತದೆ. ಇಲ್ಲಿ ಒಂದು ಗುಂಡಿ: ಪಿಬಿಎಸ್‌ನಲ್ಲಿ ಕ್ಲೋರೈಡ್ ಇದೆ. ಅದನ್ನು ಶುದ್ಧ ನೀರಿನಿಂದ ಪೂರ್ತಿ ತೊಳೆಯದೆ ಬೆಳ್ಳಿ ಬಿಟ್ಟರೆ ಸಿಲ್ವರ್ ಕ್ಲೋರೈಡ್ ಮೊಸರಿನಂತೆ ಒಡೆದು ಚಾನೆಲ್ ತುಂಬ ಬಿಳಿಯಾಗುತ್ತದೆ. ತೂತಿನ 9 ಮೈಕ್ರೋಲೀಟರನ್ನೂ ಮರೆಯಬೇಡಿ. ಹತ್ತು ನಿಮಿಷ ದಾಟಿದಂತೆ ಬೆಳ್ಳಿ ಚಿನ್ನವಿಲ್ಲದ ಕಡೆಯೂ ತಾನೇ ಕೂರಲು ಶುರುಮಾಡುತ್ತದೆ, ಹಾಗಾಗಿ ಗಡಿಯಾರ ನೋಡಿಯೇ ನಿಲ್ಲಿಸಬೇಕು. ಗೆರೆ ಇನ್ನೂ ಸ್ವಲ್ಪ ದಟ್ಟವಾಗಲಿ ಎಂಬ ಆಸೆ ಬೇಡ.

ಸೀರಂನಲ್ಲಿ ಒಟ್ಟು ಐಜಿಜಿ ಮಿಲಿಲೀಟರಿಗೆ ಹತ್ತು ಮಿಲಿಗ್ರಾಂ ಆಸುಪಾಸು. ಅದರಲ್ಲಿ ಧನುರ್ವಾಯುವಿನದು ಚೂರುಪಾರು. ನೂರು ಪಟ್ಟು ತೆಳು ಮಾಡದೆ ಹಾಕಿದರೆ ಬೇರೆ ಐಜಿಜಿಯೇ ಗೋಡೆಗೆ ಮೆತ್ತಿ ಎಲ್ಲ ಲೇನೂ ಕಪ್ಪಾಗುತ್ತದೆ. ತಾಳೆಗೆ ಬಳಸುವ ಸೀರಂ ಅಂತರರಾಷ್ಟ್ರೀಯ ಘಟಕಕ್ಕೆ ಅಳತೆ ಹೊಂದಿಸಿದ್ದಿರಬೇಕು, ಅದನ್ನು ತೆಳು ಮಾಡುವುದು ಪ್ರತಿಕಾಯವಿಲ್ಲದ ಸೀರಂನಲ್ಲಿ, ಬರೀ ಬಫರಿನಲ್ಲಿ ಅಲ್ಲ. ಎಲೈಸಾ ಬಗೆಯ ಪರೀಕ್ಷೆಯಲ್ಲಿ ಮಿಲಿಲೀಟರಿಗೆ 0.1 ಘಟಕವನ್ನು ರಕ್ಷಣೆಯ ಗೆರೆಯೆಂದು ಹಿಡಿಯುವುದು ರೂಢಿ. ಅದಕ್ಕಿಂತ ಕೆಳಗೆ ಇಂಥ ಪರೀಕ್ಷೆ ಇರುವುದಕ್ಕಿಂತ ಹೆಚ್ಚು ತೋರಿಸುವ ಚಾಳಿಯುಳ್ಳದ್ದು, ಏಕೆಂದರೆ ವಿಷವನ್ನು ತಡೆಯಲಾರದ ಸಡಿಲ ಪ್ರತಿಕಾಯಗಳನ್ನೂ ಅದು ಎಣಿಸುತ್ತದೆ.

ಟಾಕ್ಸಿನ್ನಿನ ಕಡೆ ಸಮಸ್ಯೆ ಬೇರೆ. ಮಿಲಿಲೀಟರಿಗೆ 1 ನ್ಯಾನೋಗ್ರಾಂ ಕಾಲರಾ ಟಾಕ್ಸಿನ್ ಇದ್ದರೆ 10 ಮೈಕ್ರೋಲೀಟರಿನಲ್ಲಿ ಸುಮಾರು 7 ಕೋಟಿ ಅಣು. ಚಾನೆಲ್ ಒಂದು ಸಲ ತುಂಬಿ ನಿಲ್ಲಿಸಿದರೆ ಸಿಗುವುದು 14 ಲಕ್ಷ. ಹರಿಸುವುದಕ್ಕೂ ನಿಲ್ಲಿಸುವುದಕ್ಕೂ ಐವತ್ತು ಪಟ್ಟು ಅಂತರ ಇಲ್ಲೇ. ಮಲದ ಸ್ಯಾಂಪಲ್ಲನ್ನು ಸೆಂಟ್ರಿಫ್ಯೂಜ್ ಮಾಡಿ 0.45 ಮೈಕ್ರಾನ್ ಫಿಲ್ಟರ್ ದಾಟಿಸದೆ ಹಾಕಿದರೆ ಲೋಳೆ ಚಾನೆಲ್ ಬಾಯಲ್ಲೇ ಕಟ್ಟುತ್ತದೆ.

ಕಂಟ್ರೋಲ್ ಲೇನಿನ ವಿಷಯದಲ್ಲಿ ಜಿಪುಣತನ ಮಾಡಬೇಡಿ. ಒಂದೇ ಬಾಯಿಂದ ಮೂರು ಚಾನೆಲ್ ಕವಲೊಡೆಯುವ ಚಿಪ್ಪಿನಲ್ಲಿ ಒಂದಕ್ಕೆ ಟಾಕ್ಸಾಯ್ಡ್, ಒಂದಕ್ಕೆ ಬರೀ ಬಿಎಸ್‌ಎ, ಒಂದಕ್ಕೆ ಮನುಷ್ಯನ ಐಜಿಜಿ ಎಂದು ಸಾಮಾನ್ಯವಾಗಿ ಮಾಡುತ್ತಾರೆ. ಇದರಲ್ಲಿ ಒಂದು ಬಿಲ ಇದೆ. ಟಾಕ್ಸಾಯ್ಡ್ ಚಾನೆಲ್‌ನಲ್ಲಿ ಗುಳ್ಳೆ ಕೂತರೆ ಸೀರಂ ಸುಮ್ಮನೆ ಉಳಿದೆರಡರ ದಾರಿ ಹಿಡಿಯುತ್ತದೆ. ಐಜಿಜಿ ಚಾನೆಲ್ ಕಪ್ಪಾಗಿ ಎಲ್ಲ ಸರಿಯಿದೆ ಎನ್ನುತ್ತದೆ, ಟಾಕ್ಸಾಯ್ಡ್ ಚಾನೆಲ್ ಬೆಳ್ಳಗಿದೆ, ಪ್ರತಿಕಾಯ ಇಲ್ಲ ಎಂದು ಬರೆದುಬಿಡುತ್ತೇವೆ. ಐಜಿಜಿಯ ಒಂದು ಸಣ್ಣ ಪಟ್ಟಿಯನ್ನು ಟಾಕ್ಸಾಯ್ಡ್ ಚಾನೆಲ್‌ನ ಕೊನೆಯಲ್ಲೇ, ಹೊರದಾರಿಯ ಹತ್ತಿರ ಇಟ್ಟರೆ ಈ ಮೋಸ ನಡೆಯುವುದಿಲ್ಲ. ಆ ಪಟ್ಟಿ ಕಪ್ಪಾಗಿದ್ದರೆ ಚಿನ್ನವೂ ಬೆಳ್ಳಿಯೂ ಕೊನೆತನಕ ಬಂದಿವೆ. ಆಗ ಮಾತ್ರ ಬೆಳ್ಳಗಿನ ಟಾಕ್ಸಾಯ್ಡಿಗೆ ಅರ್ಥವಿದೆ. ಸೀರಂ ತಲುಪಿತೇ ಎಂಬುದಕ್ಕೆ ಇನ್ನೊಂದು ಪಟ್ಟಿ, ಮನುಷ್ಯನ ಐಜಿಜಿಯನ್ನು ಹಿಡಿಯುವ ಪ್ರತಿಕಾಯದ್ದು, ಅದರ ಪಕ್ಕದಲ್ಲೇ ಇಡಿ.

ಮುಗಿದ ಚಿಪ್ಪನ್ನು ಬ್ಲೀಚಿನ ಬಕೆಟ್ಟಿಗೆ ಎಸೆದರೆ ಸಾಲದು, ಬ್ಲೀಚು ತಾನಾಗಿ ಚಾನೆಲ್ ಒಳಗೆ ಹೋಗುವುದಿಲ್ಲ. 1 ಶೇಕಡಾ ಸೋಡಿಯಂ ಹೈಪೋಕ್ಲೋರೈಟನ್ನು ಒಳದಾರಿಯಿಂದ ದೂಡಿ ತುಂಬಿ, ಎರಡೂ ತೂತು ಮುಳುಗುವಂತೆ ಅರ್ಧ ಗಂಟೆ ಬಿಟ್ಟು, ಆಮೇಲೆ ಲ್ಯಾಬಿನ ಜೈವಿಕ ತ್ಯಾಜ್ಯಕ್ಕೆ ಹಾಕಿ.